ಫೈಲಿನಲ್ಲಿದ್ದ ಹೆಂಗಸು

ಹನ್ನೊಂದು ತಿಂಗಳಲ್ಲಿ ಆ ಫೈಲು ಸುಮಿತ್ರಳ ಮಡಿಲಿಗೆ ಬಂದದ್ದು ಅದೇ ಮೊದಲು. ಅದೂ ಯಾರೂ ಬೇಕೆಂದು ಕೊಟ್ಟದ್ದಲ್ಲ. ಗಂಡ ದಾಮೋದರ ಚಹಾ ತರಲು ಹೋಗಿದ್ದ. ಮಗಳು ಶಾಲಿನಿ ಕಾರು ನಿಲ್ಲಿಸಲು ಜಾಗ ಸಿಗದೆ ಎರ್ನಾಕುಳಂನ ಆ ಆಸ್ಪತ್ರೆಗೆ ಮೂರನೆಯ ಪ್ರದಕ್ಷಿಣೆ ಹಾಕುತ್ತಿದ್ದಳು. ಸಿಸ್ಟರ್ ಬಿನ್ಸಿಗೆ ಅವಸರ. "ಆಂಟೀ, ಡಾಕ್ಟರ್ ಕರೆದಾಗ ಇದನ್ನು ಒಳಗೆ ಕೊಡಿ" ಎಂದು ಇಟ್ಟು ಓಡಿದಳು. ದಾಮೋದರ ಇದ್ದಿದ್ದರೆ ಫೈಲು ನೇರ ಅವನ ಕಂಕುಳಿಗೆ ಹೋಗುತ್ತಿತ್ತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನು, ಕಾಗದವೆಂದರೆ ತನ್ನ ಇಲಾಖೆಯೆಂದೇ ತಿಳಿದವನು. ಹೆಂಡತಿಯ ಕರುಳಿನಿಂದ ಲಿವರಿಗೆ ಹಬ್ಬಿದ ಕ್ಯಾನ್ಸರಿನ ಕಾಗದಗಳೂ ಆ ಇಲಾಖೆಗೇ ಸೇರಿಹೋಗಿದ್ದವು.

ಸುಮಿತ್ರ ಫೈಲು ತೆರೆದಳು. ತೆರೆಯಲಿಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಬೆರಳ ತುದಿಗೆ ಹಾಳೆಯ ಅಂಚು ತಿಳಿಯುತ್ತಿರಲಿಲ್ಲ. ಅಂಗೈಯಿಂದ ತಳ್ಳಿ ತಳ್ಳಿ ಮಗುಚಬೇಕಾಯಿತು. ಮದ್ದು ಹಾಕಿಸಿಕೊಳ್ಳಲು ಬಂದ ಒಂದೊಂದು ಸಲಕ್ಕೂ ಒಂದೊಂದು ಹಾಳೆ. ವಾಂತಿ: ಇಲ್ಲ. ಭೇದಿ: ಇಲ್ಲ. ಕೈಕಾಲು ಜೋಮು: ಇಲ್ಲ. ಊಟ: ಚೆನ್ನಾಗಿದೆ. ನಿದ್ದೆ: ಚೆನ್ನಾಗಿದೆ. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು, ರೋಗಿ ಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತಿದ್ದಾರೆ. ಇಂಥವು ಹದಿನಾರು ಹಾಳೆ. ತಾರೀಕು ಮಾತ್ರ ಬೇರೆ ಬೇರೆ.

ಯಾರಪ್ಪ ಈ ಗಟ್ಟಿಗಿತ್ತಿ, ಎಂದುಕೊಂಡಳು ಸುಮಿತ್ರ. ಒಂಬತ್ತನೆಯ ಹಾಳೆಯ ತಾರೀಕು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ತಾರೀಕಿನ ಹಿಂದಿನ ವಾರ, ಇದೇ ಊರಿನ ಎಡಪ್ಪಳ್ಳಿಯಲ್ಲಿರುವ ಮಗಳ ಫ್ಲ್ಯಾಟಿನ ಬಚ್ಚಲಲ್ಲಿ, ಕಮೋಡಿಗೆ ತಲೆ ಕೊಟ್ಟು, ಎರಡು ದಿನ ಕೂತಿದ್ದಳು. ಹೊಟ್ಟೆಯಲ್ಲಿ ಏನೂ ಉಳಿಯದೆ ಕಡೆಗೆ ಬರೀ ಹಸಿರು ನೀರು. ಫೈಲಿನಲ್ಲಿದ್ದ ಹೆಂಗಸು ಅದೇ ವಾರ ಚೆನ್ನಾಗಿ ಉಂಡು ಚೆನ್ನಾಗಿ ಮಲಗಿದ್ದಳು.

ಇದು ಹೇಗಾಯಿತೆಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಡೇ ವಾರ್ಡಿನಲ್ಲಿ ಸೂಜಿ ಚುಚ್ಚುವ ಮೊದಲು ಸಿಸ್ಟರು ಕೇಳುವುದು ಗಡಿಬಿಡಿಯ ಮಲಯಾಳದಲ್ಲಿ. ಸುಮಿತ್ರ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ಪಕ್ಕದ ಕುರ್ಚಿಯಿಂದ ದಾಮೋದರ ಉತ್ತರ ಕೊಡುತ್ತಿದ್ದ, "ಕುಳಪ್ಪಮಿಲ್ಲ." ಏನೂ ತೊಂದರೆಯಿಲ್ಲ. ಅದು ಸುಮಿತ್ರಳ ಕಿವಿಗೂ ಬೀಳುತ್ತಿತ್ತು. ಆದರೆ ತಿರುವನಂತಪುರದಲ್ಲಿ ನಲವತ್ತು ವರ್ಷ ಬಾಳಿದವರಿಗೆ ಆ ಮಾತಿನ ಮೇಲೆ ಅನುಮಾನ ಬರುತ್ತದೆಯೇ? ಹಾಲಿನವನು ತಡವಾಗಿ ಬಂದರೂ ಕುಳಪ್ಪಮಿಲ್ಲ, ಪಕ್ಕದ ಮನೆಯವರ ತೆಂಗಿನಕಾಯಿ ನಮ್ಮ ಹಂಚಿನ ಮೇಲೆ ಬಿದ್ದರೂ ಕುಳಪ್ಪಮಿಲ್ಲ. ಸಿಸ್ಟರಿಗೆ ಇವನು ಮರ್ಯಾದೆಗೆ ಹೇಳುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು. ಅದನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆ, ಅದನ್ನು ನೋಡಿ ಡಾಕ್ಟರು ಮದ್ದಿನ ಅಳತೆ ಹಾಕುತ್ತಿದ್ದಾರೆ ಎಂಬುದು ತಲೆಗೇ ಹೋಗಿರಲಿಲ್ಲ.

ಅವಳ ತಲೆಗೆ ಹೋಗದಿದ್ದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಪುತ್ತೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಡಿಪ್ಲೊಮಾ ಮಾಡಿ, ಇಪ್ಪತ್ತೆರಡನೆಯ ವಯಸ್ಸಿಗೆ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ಸೇರಿದವಳು. ರಾಕೆಟ್ಟಿನೊಳಗೆ ಹೋಗುವ ತಂತಿಗಳ ಕಟ್ಟನ್ನು ಪರೀಕ್ಷಿಸುವುದು ಅವಳ ಕೆಲಸ. ಒಂದೊಂದು ತಂತಿಯ ತುದಿಗೂ ಒತ್ತಿ ಕೂರಿಸಿದ ಪಿನ್ನನ್ನು ಭೂತಕನ್ನಡಿಯಲ್ಲಿ ನೋಡಿ, ಬೆರಳಲ್ಲಿ ಸವರಿ, ಆಮೇಲೆ ಸಹಿ. ಒಮ್ಮೆ ಒಂದು ಪಿನ್ನಿನ ಮೇಲೆ ಕವಚ ಮುಂಚೆಯೇ ಎಳೆದುಬಿಟ್ಟಿದ್ದರು. "ಒಳಗೆ ಎಲ್ಲ ಸರಿಯಾಗಿದೆ, ನಾನು ನೋಡಿದ್ದೇನೆ, ಸಹಿ ಹಾಕಿ" ಎಂದು ಮೇಲಿನವರು ಬೊಬ್ಬೆ ಹಾಕಿದರು. ಸುಮಿತ್ರ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. ಕವಚ ಕತ್ತರಿಸಿ ತೋರಿಸಿದ ಮೇಲೆಯೇ ಅವಳ ಸಹಿ ಬಿದ್ದದ್ದು. ಒಳಗೆ ನಿಜಕ್ಕೂ ಎಲ್ಲ ಸರಿಯಾಗಿತ್ತು, ಆ ಮಾತು ಬೇರೆ. ನೋಡದ್ದಕ್ಕೆ ಸಹಿಯಿಲ್ಲ, ಅಷ್ಟೇ. ಅಂಥವಳ ಮೈಯ ಬಗ್ಗೆ ಹದಿನಾರು ಸುಳ್ಳು ಹಾಳೆ ತಯಾರಾಗಿ ಕೂತಿತ್ತು.

ದಾಮೋದರ ಎರಡು ಕಾಗದದ ಲೋಟ ಹಿಡಿದು ಜಾಗರೂಕತೆಯಿಂದ ಬಂದ. ಫೈಲು ಕಂಡದ್ದೇ ಅವನ ಹೆಜ್ಜೆ ನಿಧಾನವಾಯಿತು.

"ಅದನ್ನು ಇಲ್ಲಿ ಕೊಡು. ನೀನೆಂತಕ್ಕೆ ಅದೆಲ್ಲ ಓದುವುದು?"

"ಕಥೆ ಓದ್ತಾ ಇದ್ದೇನೆ. ಚಂದ ಉಂಟು. ಬರೆಸಿದ್ದು ಯಾರು?"

ದಾಮೋದರ ಲೋಟ ಇಡಲು ಜಾಗವಿಲ್ಲದೆ ಎರಡನ್ನೂ ಹಿಡಿದುಕೊಂಡೇ ನಿಂತ. ಅಷ್ಟರಲ್ಲಿ ಶಾಲಿನಿ ಬೆವರು ಒರೆಸುತ್ತ ಬಂದಳು, ಒಳಗಿನಿಂದ ಹೆಸರು ಕೂಗಿದರು.

ಡಾಕ್ಟರ್ ಇರ್ಫಾನ್ ನಲವತ್ತು ದಾಟದ ಮನುಷ್ಯ. ಮಾತು ಮೆತ್ತಗೆ, ಕಂಪ್ಯೂಟರಿನ ಬದಲು ರೋಗಿಯ ಮುಖ ನೋಡುವ ಅಭ್ಯಾಸವಿತ್ತು. ಇಂಗ್ಲಿಷು ಮಲಯಾಳ ಕಲಸಿ ಅವನು ಹೇಳಿದ್ದಿಷ್ಟು. ಮೊದಲನೆಯ ಮದ್ದು ಎಂಟು ತಿಂಗಳು ಚೆನ್ನಾಗಿ ಕೆಲಸ ಮಾಡಿತು, ಗಡ್ಡೆ ಅರ್ಧಕ್ಕರ್ಧ ಇಳಿದಿತ್ತು. ಆಮೇಲೆ ಬದಲಿಸಿದ್ದು ಹಿಡಿಯಲಿಲ್ಲ. ಈಗಿನ ಸ್ಕ್ಯಾನಿನಲ್ಲಿ ಲಿವರಿನ ಗಡ್ಡೆಗಳು ದೊಡ್ಡವಾಗಿವೆ, ಶ್ವಾಸಕೋಶದಲ್ಲೂ ಎರಡು ಚುಕ್ಕೆ ಕಂಡಿವೆ. ಇನ್ನು ಉಳಿದಿರುವುದು ಒಂದು ಗುಳಿಗೆ, ಮೂರು ವಾರ ತಿಂದು ಒಂದು ವಾರ ಬಿಡುವುದು.

"ಇಷ್ಟು ದಿನದ ಮದ್ದನ್ನು ಮೇಡಂ ಇಷ್ಟು ಚೆನ್ನಾಗಿ ತಾಳಿಕೊಂಡಿದ್ದಾರೆ. ಹಾಗಾಗಿ ಪೂರ್ತಿ ಡೋಸಿನಲ್ಲೇ ಶುರು ಮಾಡೋಣ ಎಂದುಕೊಂಡಿದ್ದೇನೆ."

"ಡಾಕ್ಟರೇ," ಎಂದಳು ಸುಮಿತ್ರ, "ಈ ಫೈಲಿನಲ್ಲಿರುವ ಹೆಂಗಸು ನಾನಲ್ಲ."

ಇರ್ಫಾನ್ ಹೆಸರಿನ ಚೀಟಿ ನೋಡಿದ. ಹೆಸರು ಸರಿಯಾಗಿಯೇ ಇತ್ತು. ಸುಮಿತ್ರ ಗಂಡನ ಕಡೆ ತಿರುಗಿದಳು. ಈ ಮಾತನ್ನು ಕನ್ನಡದಲ್ಲೇ ಕೇಳಿದಳು.

"ಎಪ್ರಿಲಿನಿಂದ ದಿನಾ ಬೆಳಿಗ್ಗೆ ನನ್ನ ರವಿಕೆಯ ಹುಕ್ಕು ಹಾಕುವುದು ಯಾರು? ಡಾಕ್ಟರ ಹತ್ರ ಹೇಳಿ."

ದಾಮೋದರನ ಕಿವಿ ಕೆಂಪಾಯಿತು. "ಸುಮಿತ್ರಾ, ಅದೆಲ್ಲ ಇಲ್ಲಿ..."

"ಇಲ್ಲಿ ಅಲ್ಲದೆ ಮತ್ತೆಲ್ಲಿ ಹೇಳುವುದು? ಹೇಳಿ."

"ಅಪ್ಪ?" ಎಂದಳು ಶಾಲಿನಿ. ಅವಳಿಗೂ ಗೊತ್ತಿರಲಿಲ್ಲ.

"ನಾನು," ಎಂದ ದಾಮೋದರ, ಇಂಗ್ಲಿಷಿನಲ್ಲಿ, ಡಾಕ್ಟರ ಮೇಜಿನ ಕಾಲು ನೋಡುತ್ತ. "ಅವಳಿಗೆ ಹುಕ್ಕು ಸಿಗುವುದಿಲ್ಲ. ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ಚಪಾತಿ ತಿರುವಿ ಹಾಕುವಾಗ ಎರಡು ಸಲ ಕೈ ಸುಟ್ಟುಕೊಂಡಿದ್ದಾಳೆ, ಅದೂ ಗೊತ್ತಾಗಲಿಲ್ಲ."

ಇರ್ಫಾನ್ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಮಗುಚಿದ. ಅವನ ಮುಖ ಸಣ್ಣದಾಯಿತು. ಎದ್ದು ಬಂದು, ಸುಮಿತ್ರಳಿಗೆ ಕಣ್ಣು ಮುಚ್ಚಲು ಹೇಳಿ, ಅವಳ ಬೆರಳಿಗೆ ಹತ್ತಿಯನ್ನೂ ಪೆನ್ನಿನ ಮೊನೆಯನ್ನೂ ಒಂದಾದ ಮೇಲೊಂದು ಮುಟ್ಟಿಸಿದ. ಯಾವುದು ಯಾವುದೆಂದು ಅವಳಿಗೆ ಹೇಳಲಾಗಲಿಲ್ಲ. ಮುಟ್ಟಿದ್ದೇ ತಿಳಿಯದ ಬೆರಳುಗಳೂ ಇದ್ದವು.

"ಇದು ಗೊತ್ತಿದ್ದರೆ ನಾಲ್ಕೈದು ತಿಂಗಳ ಹಿಂದೆಯೇ ಆ ಮದ್ದು ಕಡಿಮೆ ಮಾಡುತ್ತಿದ್ದೆ," ಎಂದ. "ಗಡ್ಡೆಯ ಮೇಲಿನ ಹಿಡಿತ ಅಷ್ಟೇ ಇರುತ್ತಿತ್ತು. ಬೆರಳು ಇಷ್ಟು ಹೋಗುತ್ತಿರಲಿಲ್ಲ. ನಾನೇ ಕೈ ಮುಟ್ಟಿ ನೋಡಬೇಕಿತ್ತು ಮೇಡಂ. ಹಾಳೆ ನೋಡಿದೆ."

ದಾಮೋದರ ಕೂತಲ್ಲೇ ಕುಗ್ಗಿಹೋದ. ಸುಮಿತ್ರಳಿಗೆ ಅವನ ಮೇಲೆ ಉರಿಯುವಷ್ಟು ಸಿಟ್ಟು ಬಂದಿತ್ತು, ಪಾಪ ಎಂದೂ ಅನಿಸಿತು. ಎರಡನ್ನೂ ಆಮೇಲೆ ನೋಡಿಕೊಂಡರಾಯಿತು ಎಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಈಗ ಗುಳಿಗೆಯ ವಿಷಯ. ನಾನು ಕೇಳುತ್ತೇನೆ, ನೀವು ಇದ್ದದ್ದು ಇದ್ದ ಹಾಗೆ ಹೇಳಿ. ತಿನ್ನದಿದ್ದರೆ ಎಷ್ಟು ದಿನ?"

"ಐದಾರು ತಿಂಗಳು. ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು."

"ತಿಂದರೆ?"

"ಅದರ ಮೇಲೆ ಸರಾಸರಿ ಒಂದೂವರೆ ತಿಂಗಳು, ಎರಡು ತಿಂಗಳು. ಸರಾಸರಿ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಕೆಲವರಿಗೆ ಏನೂ ಸಿಗುವುದಿಲ್ಲ. ಒಂದು ವರ್ಷ ಚೆನ್ನಾಗಿದ್ದವರನ್ನೂ ನೋಡಿದ್ದೇನೆ."

"ಗಡ್ಡೆ ಕರಗುತ್ತದಾ?"

"ನೂರರಲ್ಲಿ ಒಬ್ಬಿಬ್ಬರಿಗೆ. ಬೆಳೆಯದೆ ನಿಲ್ಲುವುದು ನಲವತ್ತು ಮಂದಿಗೆ, ಕೆಲವು ತಿಂಗಳು."

"ತೊಂದರೆ?"

"ಸುಸ್ತು, ಬಿಪಿ. ಅಂಗೈ ಅಂಗಾಲು ಕೆಂಪಾಗಿ ಚರ್ಮ ಸುಲಿಯುತ್ತದೆ. ಕೆಲವರಿಗೆ ಕಾಲು ಊರಲು ಆಗುವುದಿಲ್ಲ."

"ಅದು ಯಾವಾಗ ಬರುವುದು?"

ಈ ಪ್ರಶ್ನೆಯನ್ನು ಇರ್ಫಾನ್‌ಗೆ ಯಾರೂ ಕೇಳಿರಲಿಕ್ಕಿಲ್ಲ. "ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲಿ. ಕಡಿಮೆ ಡೋಸಿನಿಂದ ಶುರು ಮಾಡಿ ಮೆಲ್ಲ ಏರಿಸಬಹುದು, ಆಗ ಸ್ವಲ್ಪ ಕಡಿಮೆ. ತೊಂದರೆಯೇ ಇರುವುದಿಲ್ಲ ಎಂದು ಬರೆದುಕೊಡಲಾರೆ."

"ಬರೆದುಕೊಡಬೇಡಿ. ಅಂಥದ್ದು ಈಗಲೇ ಹದಿನಾರು ಹಾಳೆ ಇದೆ."

ಸುಮಿತ್ರ ಮನಸ್ಸಿನಲ್ಲೇ ವಾರಗಳನ್ನು ಎಣಿಸಿದಳು. ನಿವೃತ್ತಿಯಾದ ಮೇಲೆ ಅವಳು ತಿರುವನಂತಪುರದ ಒಂದು ಹೆಣ್ಣುಮಕ್ಕಳ ತರಬೇತಿ ಶಾಲೆಯಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ತಂತಿಗೆ ಪಿನ್ನು ಕೂರಿಸುವ ಕೆಲಸ ಕಲಿಸುತ್ತಿದ್ದಳು. ಈ ವರ್ಷ ಹನ್ನೆರಡು ಹುಡುಗಿಯರು. ಮದ್ದಿನ ದೆಸೆಯಿಂದ ಅರ್ಧ ಪಾಠ ತಪ್ಪಿಹೋಗಿತ್ತು. ಇನ್ನು ಹತ್ತು ವಾರಕ್ಕೆ ಅವರ ಪರೀಕ್ಷೆ. ಪಾಠವೆಂದರೆ ಮೂರು ಗಂಟೆ ಬೆಂಚಿನಿಂದ ಬೆಂಚಿಗೆ ನಡೆಯುವ ಕೆಲಸ, ಕುರ್ಚಿಯಲ್ಲಿ ಕೂತು ಆಗುವಂಥದ್ದಲ್ಲ.

"ನನಗಿರುವುದರಲ್ಲಿ ಒಳ್ಳೆಯ ತಿಂಗಳೆಂದರೆ ಈಗಿನವೇ, ಅಲ್ಲವೇ ಡಾಕ್ಟರೇ? ಕೊನೆಯವಲ್ಲ."

"ಅಲ್ಲ," ಎಂದ ಇರ್ಫಾನ್.

"ಮುಂದಿನ ಎರಡು ಒಳ್ಳೆಯ ತಿಂಗಳು ಕೊಟ್ಟು ಕೊನೆಯ ಎರಡು ಕೆಟ್ಟ ತಿಂಗಳು ತೆಗೆದುಕೊಳ್ಳಿ ಎನ್ನುತ್ತಿದ್ದೀರಿ. ಅದೂ ಸಿಕ್ಕರೆ. ಮೊದಲಿನ ಮದ್ದು ನನಗೆ ಒಂದು ವರ್ಷ ಕೊಟ್ಟಿದೆ, ಇಲ್ಲವೆನ್ನುವುದಿಲ್ಲ. ಬೆರಳು ಹೋದರೂ ಆ ವರ್ಷ ಬೇಕಿತ್ತು. ಇದು ಬೇಡ."

"ಅಮ್ಮ, ಸುಮ್ನಿರು ಸ್ವಲ್ಪ," ಶಾಲಿನಿಯ ದನಿ ಒಡೆಯಿತು. ಅವಳು ಪಾಲಾರಿವಟ್ಟಂನ ಕಚೇರಿಯೊಂದರಲ್ಲಿ ಮೂವತ್ತು ಜನರಿಗೆ ಕೆಲಸ ಹೇಳುವವಳು. ಇಲ್ಲಿ ಮೂಗು ಕೆಂಪಾಗಿ ಚಿಕ್ಕವಳಾಗಿದ್ದಳು. "ಒಂದು ವರ್ಷ ಇದ್ದವರೂ ಇದ್ದಾರಂತಲ್ಲ? ಅದು ನೀನೇ ಯಾಕಾಗಬಾರದು? ಆ ಹುಡುಗಿಯರಿಗೆ ಬೇರೆ ಟೀಚರ್ ಸಿಗುವುದಿಲ್ವಾ?"

"ಸಿಗ್ತಾರೆ. ನನಗೆ ಬೇರೆ ಹುಡುಗಿಯರು ಸಿಗುವುದಿಲ್ಲ."

"ಮತ್ತೆ ನಾನು?"

ಸುಮಿತ್ರ ಮಗಳ ಕೈ ಹಿಡಿದಳು. ಆ ಕೈಯ ಬಿಸಿ ಅವಳಿಗೆ ಬೆರಳಲ್ಲಿ ತಿಳಿಯಲಿಲ್ಲ, ಮಣಿಕಟ್ಟಿನ ಹತ್ತಿರ ಸ್ವಲ್ಪ ತಿಳಿಯಿತು.

"ನೀನು ಬಾ. ಶನಿವಾರ ಭಾನುವಾರ ತಿರುವನಂತಪುರಕ್ಕೇ ಬಾ. ನಿನ್ನ ಫ್ಲ್ಯಾಟಿನ ಬಚ್ಚಲಲ್ಲಿ ಕೂತ ಅಮ್ಮನನ್ನು ನೋಡಿದ್ದು ಸಾಕು."

ಮನೆಗೇ ಬಂದು ನೋವಿಗೆ ಮದ್ದು ಕೊಡುವ ತಿರುವನಂತಪುರದ ತಂಡಕ್ಕೆ ಇರ್ಫಾನ್ ಒಂದು ಕಾಗದ ಬರೆದುಕೊಟ್ಟ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬನ್ನಿ ಎಂದ. ಗುಳಿಗೆಯ ಚೀಟಿಯನ್ನೂ ಬರೆದು, ಅದನ್ನು ಸುಮಿತ್ರಳ ಕೈಗೇ ಕೊಟ್ಟ. ಅವಳು ಅದನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳು. ಹಿಂದಿನಿಂದ ಶಾಲಿನಿ ಎತ್ತಿಕೊಂಡದ್ದು ಅವಳಿಗೆ ಕಾಣಲಿಲ್ಲ.

ತಿರುವನಂತಪುರದ ರೈಲು ಎರ್ನಾಕುಳಂ ಬಿಟ್ಟಿತು. ಕಾಯಂಕುಳಂ ಬಂತು. ವಡೆ ಮಾರುವವನು ಬಂದ, ಹೋದ. ಕೊನೆಗೆ ದಾಮೋದರನೇ ಶುರು ಮಾಡಿದ.

"ಮೊದಲ ಸಲ ಹೇಳಿದಾಗ ಸುಮ್ನೆ ಬಾಯಿಗೆ ಬಂತು, ಸತ್ಯವಾಗಿ. ಆಮೇಲೆ ಪಕ್ಕದ ಬೆಡ್ಡಿನ ಮನುಷ್ಯನಿಗೆ ಜೋಮು ಅಂತ ಮದ್ದು ನಿಲ್ಲಿಸಿದ್ರು. ಅವರು ಓಣಂ ಹಬ್ಬದವರೆಗೆ ಬದುಕಲಿಲ್ಲ. ಅಂದಿನಿಂದ ನನಗೆ ಹೆದರಿಕೆ ಹಿಡಿಯಿತು. ಹೇಳಿದ್ರೆ ನಿನ್ನದೂ ನಿಲ್ಲಿಸ್ತಾರೆ ಅಂತ."

"ನನ್ನ ಹತ್ರ ಕೇಳಬಹುದಿತ್ತಲ್ಲ?"

"ಕೇಳಿದ್ರೆ ನೀನು ಇದ್ದದ್ದು ಹೇಳ್ತಿದ್ದಿ." ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. "ನೀನು ಹೋದ ಮೇಲೆ ನಾನೆಂತ ಮಾಡ್ಲಿ, ಅದನ್ನು ಯಾರೂ ಬರೆದುಕೊಡುವುದಿಲ್ಲ."

"ಹೋಗುವುದು ಹೇಗೂ ಉಂಟು ಮಾರಾಯ್ರೆ. ಇರುವಷ್ಟು ದಿನ ಇರ್ಲಿಕ್ಕೆ ಬಿಡಿ. ಬೆರಳು ಹೋದದ್ದಕ್ಕಿಂತ ನನಗೆ ಬೇಜಾರು ಯಾವುದು ಗೊತ್ತುಂಟಾ? ಹುಕ್ಕು ಹಾಕಿದ ಕೈಯಲ್ಲೇ ನೀವು ಆ ಫೈಲು ಹಿಡ್ಕೊಂಡು ಹೋದದ್ದು."

ದಾಮೋದರ ಕಿಟಕಿಯ ಕಡೆ ಮುಖ ಮಾಡಿ ಅತ್ತ. ಎದುರಿನ ಸೀಟಿನ ಮುದುಕಿ ಪೇಪರಿನ ಹಿಂದೆ ಅಡಗಿದಳು. ಸುಮಿತ್ರ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಕೊಲ್ಲಂ ದಾಟಿದ ಮೇಲೆ ಒಂದು ವಡೆ ಕೊಂಡು, ಮುರಿದು ಅವನ ಕೈಗೆ ಅರ್ಧ ಕೊಟ್ಟಳು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಶಾಲಿನಿಯ ಫೋನು ಬಂತು, ಅಪ್ಪನ ನಂಬರಿಗೆ. ಸುಮಿತ್ರ ಜಗಲಿಯಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. ದಾಮೋದರನ ಕಿವಿ ಚೂರು ಮಂದವಾದ್ದರಿಂದ ಫೋನನ್ನು ಸ್ಪೀಕರಿಗೇ ಹಾಕುತ್ತಿದ್ದ.

"ಅಪ್ಪ, ಶುರು ಮಾಡಿದ್ಳಾ? ಆ ಗುಳಿಗೆಯ ಡಬ್ಬಿ ನಿಮ್ಮ ಬ್ಯಾಗಿನ ಒಳಗಿನ ಜಿಪ್ಪಲ್ಲಿ ಇಟ್ಟಿದ್ದೇನೆ, ಒಂದು ತಿಂಗಳಿನದ್ದು. ನೀವು ಎರಡು ಸಲ ಹೇಳಿದ್ರೆ ತಗೊಳ್ತಾಳೆ ಅಮ್ಮ. ಇಲ್ಲದಿದ್ರೆ ಬಿಪಿ ಗುಳಿಗೆಯ ಜೊತೆ ಸೇರಿಸಿ ಕೊಡಿ. ಎಂತಂತ ಅವಳಿಗೆ ಗೊತ್ತಾಗಬೇಕಂತ ಇಲ್ಲ. ಪ್ಲೀಸ್ ಅಪ್ಪ."

ಸುಮಿತ್ರ ತಲೆಯೆತ್ತಲಿಲ್ಲ. ಚಪ್ಪಲಿಯ ಪಟ್ಟಿ ಬೆರಳಿಗೆ ಸಿಗದೆ ಬಗ್ಗಿಯೇ ಇದ್ದಳು. ಅವಳ ಬಿಪಿ ಗುಳಿಗೆ, ಹೊಟ್ಟೆಯ ಗುಳಿಗೆ, ಎಲ್ಲವನ್ನೂ ಸ್ಟ್ರಿಪ್ಪಿನಿಂದ ಬಿಡಿಸಿ ಅಂಗೈಗೆ ಹಾಕುವುದು ದಾಮೋದರನೇ. ಅವಳು ನೋಡದೆ ನುಂಗುತ್ತಿದ್ದಳು. ಇನ್ನೂ ಒಂದು ಗುಳಿಗೆ ಸೇರಿಕೊಂಡಿದ್ದರೆ ಅವಳಿಗೆ ತಿಳಿಯುತ್ತಿತ್ತೋ ಇಲ್ಲವೋ. ಆಸ್ಪತ್ರೆಯಿಂದ ಬಂದ ಶುಕ್ರವಾರದಿಂದ ಆ ಡಬ್ಬಿ ಮನೆಯಲ್ಲಿದೆ. ಮೂರು ದಿನ.

"ಡಬ್ಬಿ ನೋಡಿದೆ," ಎಂದ ದಾಮೋದರ. "ಶನಿವಾರವೇ ನೋಡಿದೆ. ನಿನ್ನೆ ಬೆಳಿಗ್ಗೆ ಒಂದು ಗುಳಿಗೆ ತೆಗೆದು ಕೈಯಲ್ಲಿ ಹಿಡ್ಕೊಂಡೂ ಇದ್ದೆ ಶಾಲೂ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಸಿಂಕಿಗೆ ಹಾಕಿದೆ."

"ಅಪ್ಪ, ಅದು ಎಂಥಾ ಮದ್ದು ಗೊತ್ತುಂಟಾ..."

"ಗೊತ್ತುಂಟು. ನಿನ್ನ ಅಮ್ಮನಿಗೆ ಬೇಡ ಅದು. ಬೇಕಾದದ್ದು ನನಗೆ. ಹನ್ನೊಂದು ತಿಂಗಳು ನನಗೆ ಬೇಕಾದ್ದನ್ನೇ ಅವಳ ಹೆಸರಲ್ಲಿ ಬರೆಸಿದೆ. ಉಳಿದದ್ದನ್ನು ನೀನು ಬಂದಾಗ ವಾಪಸು ತಗೊಂಡು ಹೋಗು." ದನಿ ನಡುಗಿತು, ನಿಲ್ಲಲಿಲ್ಲ. "ನನ್ನ ಹತ್ರ ಇನ್ನು ಆ ಮಾತು ಎತ್ತಬೇಡ. ಅಮ್ಮನ ಹತ್ರವೂ ಬೇಡ. ಅಮ್ಮನಿಗೆ ಪಾಠ ಉಂಟು, ತಡ ಆಗ್ತದೆ. ಫೋನು ಇಡ್ತೇನೆ."

ಇಟ್ಟ. ಮಗಳ ಫೋನನ್ನು ಅವನು ತಾನಾಗಿ ಇಟ್ಟದ್ದು ಸುಮಿತ್ರ ಯಾವತ್ತೂ ಕಂಡಿರಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು. ಅದನ್ನು ತೋರಿಸದೆ, "ಈ ಪಟ್ಟಿ ಒಮ್ಮೆ ಎಳೆಯಿರಿ ನೋಡುವ" ಎಂದು ಕಾಲು ಮುಂದೆ ಚಾಚಿದಳು. ಅವನು ಕೆಳಗೆ ಕೂತು ಎಳೆದುಕೊಟ್ಟ.

ತರಬೇತಿ ಶಾಲೆಗೆ ಅವನೂ ಹೋದ. ಬಾಗಿಲ ಬಳಿಯ ಸ್ಟೂಲಿನಲ್ಲಿ ಕೊಡೆ ಊರಿಕೊಂಡು ಕೂತ. ಹನ್ನೆರಡು ಹುಡುಗಿಯರು ಎದ್ದು ನಿಂತರು. ಸುಮಿತ್ರ ಕೂರಲು ಹೇಳಿ ಮೊದಲ ಬೆಂಚಿನ ಹತ್ತಿರ ಹೋದಳು. ಅಲ್ಲಿಯ ಹುಡುಗಿ ಒಂದು ತಂತಿಯ ಕಟ್ಟು ಎತ್ತಿ ಕೊಟ್ಟಳು. ಸುಮಿತ್ರ ಅದನ್ನು ಸವರಿ ನೋಡುವ ಗೋಜಿಗೆ ಹೋಗದೆ ಕಿಟಕಿಯ ಬಳಿ ನಡೆದು ಬೆಳಕಿಗೆ ಹಿಡಿದಳು. ಒಂದೊಂದೇ ಪಿನ್ನನ್ನು ಕಣ್ಣಿನ ಹತ್ತಿರ ತಂದು ತಿರುಗಿಸಿದಳು. ಮೊದಲು ಅರೆ ನಿಮಿಷ ಸಾಕಾಗುತ್ತಿದ್ದ ಕೆಲಸಕ್ಕೆ ಐದು ನಿಮಿಷ ಹಿಡಿಯಿತು. ಅವಳಿಗೆ ಅವಸರವಿರಲಿಲ್ಲ. ಏಳನೆಯ ಪಿನ್ನಿನಲ್ಲಿ ಕೂದಲಿನಷ್ಟು ಸಣ್ಣ ಒಂದು ಎಳೆ ಹೊರಗೆ ಉಳಿದಿತ್ತು.

"ಇದನ್ನು ಕತ್ತರಿಸಿ ಇನ್ನೊಂದು ಮಾಡು," ಎಂದು ಕಟ್ಟನ್ನು ಹುಡುಗಿಯ ಮುಂದೆ ಇಟ್ಟು, ಎರಡನೆಯ ಬೆಂಚಿಗೆ ನಡೆದಳು.